ಹೊಸೂರಿನ ಆರ್‌ಆರ್ 310, ಆಸ್ಟ್ರಿಯಾದ ಆರ್‌ಸಿ 390

ಟಿವಿಎಸ್‌ನ ಅಪಾಚೆ ಆರ್‌ಆರ್ 310 (2021ರ ಮಾದರಿ) ಮತ್ತು ಕೆಟಿಎಂನ ಆರ್‌ಸಿ 390 (2022ರ ಮಾದರಿ), ಈ ಎರಡು ಸ್ಪೋರ್ಟ್ಸ್ ಬೈಕ್‌ಗಳನ್ನೂ ಒಂದೊಂದು ವಾರ ಒಂದೇ ದಾರಿಯಲ್ಲಿ ಓಡಿಸಿ ನೋಡಿದೆ. ವಾರದ ದಿನಗಳಲ್ಲಿ ಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋದೆ. ಭಾನುವಾರ ನಸುಕಿನಲ್ಲಿ ಹೆಬ್ಬಾಳ, ದೇವನಹಳ್ಳಿ ಮಾರ್ಗವಾಗಿ ನಂದಿಬೆಟ್ಟಕ್ಕೆ ಹೋದೆ.

ಅಂಕಿಗಳನ್ನಷ್ಟೇ ನೋಡುವುದಾದರೆ ಆರ್‌ಸಿಯದೇ ಮೇಲುಗೈ. ಅದರ 373 ಸಿಸಿ ಎಂಜಿನ್ 43.5 ಪಿಎಸ್ (ಅಶ್ವಶಕ್ತಿ) ಶಕ್ತಿಯನ್ನೂ 37 ಎನ್‌ಎಂ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ; ಆರ್‌ಆರ್‌ನ 312 ಸಿಸಿ ಎಂಜಿನ್ ಕೊಡುವುದು 34 ಪಿಎಸ್ ಮತ್ತು 27.3 ಎನ್‌ಎಂ. ತೂಕದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಆರ್‌ಸಿಯ ಎಂಜಿನ್‌ನ ಬೋರ್ (ಸಿಲಿಂಡರಿನ ಒಳಗಿನ ಅಗಲ) 89 ಮಿ.ಮೀ., ಸ್ಟ್ರೋಕ್ (ಅದರೊಳಗೆ ಪಿಸ್ಟನ್ ಸಾಗುವ ದೂರ) ಕೇವಲ 60 ಮಿ.ಮೀ. ಪಿಸ್ಟನ್ ಸಾಗಬೇಕಾದ ದೂರ ಕಡಿಮೆಯಾದ್ದರಿಂದ ಎಂಜಿನ್ ಬೇಗ ಮೇಲಿನ ಆರ್‌ಪಿಎಂಗೆ ಏರುತ್ತದೆ, ಅಲ್ಲಿಯೇ ಅದರ ನಿಜವಾದ ಹುರುಪು ಕಾಣುತ್ತದೆ. 1934ರಲ್ಲಿ ಹಾನ್ಸ್ ಟ್ರುಂಕೆನ್‌ಪೋಲ್ಟ್ಸ್ ಆಸ್ಟ್ರಿಯಾದ ಮಟ್ಟಿಗ್‌ಹೋಫನ್‌ನಲ್ಲಿ ತೆರೆದ ರಿಪೇರಿ ಅಂಗಡಿಯಿಂದ ಬೆಳೆದ ಕೆಟಿಎಂ ಕಂಪನಿ, 2001ರಿಂದ 2019ರವರೆಗೆ ನಡೆದ, ಮರುಭೂಮಿಯಂಥ ಕಠಿಣ ದಾರಿಗಳಲ್ಲಿ ಸಾಗುವ ಪ್ರತಿ ಡಕಾರ್ ರ‍್ಯಾಲಿಯ ಬೈಕ್ ವಿಭಾಗವನ್ನು ಗೆದ್ದಿತು. 2012ರಲ್ಲಿ ಮೊದಲ ಮೋಟೋ3 (ಸಣ್ಣ ಎಂಜಿನ್‌ನ ರೇಸ್ ಬೈಕುಗಳ ವಿಭಾಗ) ವಿಶ್ವ ಪ್ರಶಸ್ತಿಯನ್ನು ಸ್ಯಾಂಡ್ರೊ ಕೊರ್ಟೇಸೆ ಗೆದ್ದದ್ದು ಇದೇ ಕಂಪನಿಯ ಒಂಟಿ ಸಿಲಿಂಡರ್ ಬೈಕಿನಲ್ಲಿ. ನಂದಿಯ ತಿರುವುಗಳಲ್ಲಿ ಬ್ರೇಕ್ ಬಿಟ್ಟು ಬೈಕನ್ನು ವಾಲಿಸಿದೊಡನೆ ಮುಂದಿನ ಚಕ್ರ ನಾನು ನೋಡಿದ ಕಡೆಗೇ ಹೊರಟಾಗ, ಆ ಪಂದ್ಯಗಳ ಅನುಭವ ಎಲ್ಲಿಗೆ ಬಂದು ಸೇರಿದೆ ಎಂಬುದು ನನಗೆ ಸ್ಪಷ್ಟವಾಯಿತು.

ಆರ್‌ಆರ್‌ನ ಕಥೆ ನಮಗೆ ಹತ್ತಿರದ್ದು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದ ಹೊಸೂರಿನಲ್ಲೇ ಇದೂ ತಯಾರಾಗುತ್ತದೆ. ನಮ್ಮ ಊರಿನ ಕಡೆ ಹಾಲಿನ ಕ್ಯಾನು ಹೊತ್ತು ಓಡಾಡುತ್ತಿದ್ದ ಆ ಪುಟ್ಟ ಗಾಡಿಯನ್ನು ನೋಡಿ ಬೆಳೆದವನಿಗೆ ಇದು ಸಣ್ಣ ಸಂಗತಿಯಲ್ಲ. 2013ರಲ್ಲಿ ಬಿಎಂಡಬ್ಲ್ಯು ಮೋಟೊರಾಡ್ ಜತೆ ಆದ ಒಪ್ಪಂದದ ಫಲವಾದ ಈ ಎಂಜಿನ್‌ನಲ್ಲಿ ಸಿಲಿಂಡರ್ ಹಿಂದಕ್ಕೆ ವಾಲಿದೆ: ಗಾಳಿ ಒಳಬರುವುದು ಮುಂದಿನಿಂದ, ಹೊಗೆ ಹೋಗುವುದು ಹಿಂದಿನಿಂದ. ಹೀಗೆ ತಿರುಗಿಸಿದ್ದರಿಂದ ಎಂಜಿನ್‌ನ ಭಾರ ಮುಂದಿನ ಚಕ್ರದ ಸಮೀಪಕ್ಕೆ ಬರುತ್ತದೆ ಮತ್ತು ಬೈಕಿನ ಒಟ್ಟು ಉದ್ದವನ್ನು ಹೆಚ್ಚಿಸದೆಯೇ ಸ್ವಿಂಗ್‌ಆರ್ಮನ್ನು (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಉದ್ದವಾಗಿಸಬಹುದು. ಬೆಟ್ಟದ ತಿರುವಿನ ನಡುವೆ ರಸ್ತೆ ಒರಟಾಗಿದ್ದ ಕಡೆಯೂ ಆರ್‌ಆರ್ ಅಲುಗದೆ ತನ್ನ ಗೆರೆಯಲ್ಲೇ ಸಾಗಿದ್ದಕ್ಕೆ ಇದೇ ಕಾರಣವೆಂದು ನಾನು ನಂಬುತ್ತೇನೆ.

ಸಿಲ್ಕ್ ಬೋರ್ಡ್ ಬಳಿ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಆರ್‌ಸಿಯ ಹ್ಯಾಂಡಲ್ ರೇಸಿಗೆ ತಕ್ಕಂತೆ ತಗ್ಗಿನಲ್ಲಿದೆ, ಆದ್ದರಿಂದ ಮೈಭಾರ ಮಣಿಕಟ್ಟಿಗೆ ಬರುತ್ತದೆ. ಆರ್‌ಆರ್‌ನಲ್ಲಿ ಬೆನ್ನು ಅಷ್ಟು ಬಾಗಬೇಕಿಲ್ಲ. ನಗರದ ಓಡಾಟಕ್ಕೆಂದಿರುವ ಅರ್ಬನ್ ಮೋಡ್‌ನಲ್ಲಿ ಶಕ್ತಿಯನ್ನು ಇಳಿಸಿಕೊಂಡು, ಎರಡನೇ ಗೇರಿನಲ್ಲಿ ಬಸ್ಸುಗಳ ಹಿಂದೆ ಸಮಾಧಾನವಾಗಿ ಸಾಗಬಹುದು.

ತಿಂಗಳಿಗೊಮ್ಮೆ ರೇಸ್ ಟ್ರ್ಯಾಕಿಗೆ ಹೋಗುವ ಅಭ್ಯಾಸ ನನಗಿದ್ದಿದ್ದರೆ ಆರ್‌ಸಿಯನ್ನೇ ತರುತ್ತಿದ್ದೆ. ವಾರದಲ್ಲಿ ಐದು ದಿನ ಹೊಸೂರು ರಸ್ತೆಯಲ್ಲೇ ಕಳೆಯುವ ನಾನು ಆರಿಸಿಕೊಂಡದ್ದು ಆರ್‌ಆರ್ ಅನ್ನು. ಆ ಮಾದರಿಗೆ ಎರಡು ಬಗೆಯ ಹೆಚ್ಚುವರಿ ಕಿಟ್‌ಗಳಿದ್ದವು. ಹ್ಯಾಂಡಲನ್ನು ಇನ್ನಷ್ಟು ತಗ್ಗಿಸುವ ರೇಸ್ ಕಿಟ್ ಬೇಡವೆಂದು, ಸಸ್ಪೆನ್ಷನ್ ಹೊಂದಿಸಿಕೊಳ್ಳಲು ಬರುವ ಡೈನಾಮಿಕ್ ಕಿಟ್ ಮಾತ್ರ ಬೇಕೆಂದು ನಿರ್ಧರಿಸಿದೆ.