ಫೆರಿಕ್ ಕ್ಲೋರೈಡ್ ಪುಡಿ: ಎಚಿಂಗ್ ಚೆನ್ನಾಗಿ ಆಗುತ್ತದೆ, ಆದರೆ ಪ್ಯಾಕೆಟ್ ಹೇಳದ ಮಾತು ಬಹಳ ಇದೆ

ಮನೆಯಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡುವಾಗ ಎಚಿಂಗ್‌ಗೆ, ಅಂದರೆ ಬೋರ್ಡಿನ ಮೇಲಿನ ಬೇಡದ ತಾಮ್ರ ಕರಗಿಸಲು, ವರ್ಷಗಳಿಂದ ಈ ಪುಡಿಯನ್ನೇ ನೀರಲ್ಲಿ ಕರಗಿಸಿ ಬಳಸುತ್ತಿದ್ದೇನೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಕೆಲಸದ ಬಗ್ಗೆ ದೂರಿಲ್ಲ. ದ್ರಾವಣ ಹೊಸದಾಗಿದ್ದರೆ ಚಿಕ್ಕ ಬೋರ್ಡಿನ ತಾಮ್ರ 15–20 ನಿಮಿಷದಲ್ಲಿ ಕರಗುತ್ತದೆ. ಟ್ರೇಯನ್ನು ಬಿಸಿನೀರಿನ ಟಬ್‌ನಲ್ಲಿಟ್ಟು ಅಲ್ಲಾಡಿಸುತ್ತಿದ್ದರೆ ಇನ್ನೂ ಬೇಗ. ಒಲೆ ಮೇಲಂತೂ ಕಾಯಿಸಬೇಡಿ.

ಆದರೂ ಐದಕ್ಕೆ ಮೂರೇ ಸ್ಟಾರ್. ನನಗೆ ಸಿಕ್ಕ ಪ್ಯಾಕೆಟ್‌ಗಳ ಮೇಲೆ ಎಚ್ಚರಿಕೆ ಅಂತ ಏನೂ ಇರಲಿಲ್ಲ. ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆ ಕೊಳ್ಳುವ ವಸ್ತು ಇದು, ಅಲ್ವಾ? ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಪುಡಿ ಮೇಲೆ ನೀರು ಸುರಿಯಬಾರದು. ನೀರಿನಂಶವಿಲ್ಲದ ಪುಡಿಯಾದರೆ ತುಂಬಾ ಬಿಸಿಯಾಗಿ ಸಿಡಿಯುತ್ತದೆ, ಆಸಿಡ್ ಹೊಗೆ ಏಳುತ್ತದೆ. ಕಿಟಕಿ ತೆರೆದಿರಲಿ. ನೈಟ್ರೈಲ್ ಗ್ಲೌಸ್ ಬೇಕು. ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ ಅದಕ್ಕಿಂತ ಮುಖ್ಯ. ಕಣ್ಣಿಗೆ ಹಾರಿದರೆ 15 ನಿಮಿಷ ಬಿಡದೆ ನೀರಲ್ಲಿ ತೊಳೆದು ಡಾಕ್ಟರ್ ಹತ್ತಿರ ಓಡಬೇಕು. ಪ್ಲಾಸ್ಟಿಕ್ ಟ್ರೇ ಮಾತ್ರ ಬಳಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಇದು ತಿಂದುಹಾಕುತ್ತದೆ, ಸ್ಟೀಲ್ ಸಿಂಕನ್ನೂ ಬಿಡುವುದಿಲ್ಲ.

ಟಾಯ್ಲೆಟ್ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಎಚ್ ಮಾಡುವವರೂ ಇದ್ದಾರೆ. ಬೇಗ ಆಗುತ್ತದೆ, ನಿಜ. ಆದರೆ ಅದರಿಂದ ಕ್ಲೋರಿನ್ ಬರಬಹುದು. ಉಳಿದದ್ದನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಗ್ಯಾಸ್ ತುಂಬಿ ಒಡೆಯಬಹುದು. ಮನೆಯೊಳಗೆ ಅದು ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಕೊನೆಗೆ ಉಳಿಯುವ ನೀರಿನ ಬಗ್ಗೆ. ಹೊಸ ದ್ರಾವಣಕ್ಕಿಂತ ಬಳಸಿದ ದ್ರಾವಣ ಜಾಸ್ತಿ ಕೆಟ್ಟದ್ದು. ಬೋರ್ಡಿನಿಂದ ಹೋದ ತಾಮ್ರವೆಲ್ಲ ಅದರಲ್ಲೇ ಕರಗಿರುತ್ತದೆ. ತಾಮ್ರ ಸ್ವಲ್ಪವಿದ್ದರೂ ಮೀನಿಗೆ ವಿಷ. ಸುಮ್ನೆ ಬಚ್ಚಲಿಗೆ ಸುರಿದರೆ ಮೋರಿ ಸೇರುತ್ತದೆ, ಅಲ್ಲಿಂದ ಕೆರೆಗೆ. ಹಾಗಾಗಿ ನಾನು ಒಂದೇ ದ್ರಾವಣವನ್ನು ಅದು ತೀರಾ ನಿಧಾನವಾಗುವವರೆಗೂ ಮತ್ತೆ ಮತ್ತೆ ಬಳಸುತ್ತೇನೆ. ಆಮೇಲೆ ದೊಡ್ಡ ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ಸೇರಿಸಿ, ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಜೋರಾಗಿ ನೊರೆ ಉಕ್ಕುತ್ತದೆ, ಅವಸರ ಮಾಡಬಾರದು. ನೊರೆ ನಿಂತು, ಪಿಎಚ್ ಪೇಪರ್ (ಆಸಿಡ್ ಅಂಶ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕಾಗದ) 7–8 ತೋರಿಸಿದರೆ ಸಾಕು. ರಾತ್ರಿಯಿಡೀ ಬಿಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಇನ್ನೂ ನೀಲಿಯಾಗಿದ್ದರೆ ತಾಮ್ರ ಪೂರ್ತಿ ಇಳಿದಿಲ್ಲ ಅಂತ ಅರ್ಥ.

ಸೋಡಾ ಹಾಕಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ. ತಾಮ್ರ ಆ ಗಸಿಯಲ್ಲಿರುತ್ತದೆ, ಗಿಡದ ಬುಡಕ್ಕೂ ಹಾಕಬಾರದು. ಮಕ್ಕಳಿಗೆ, ನಾಯಿ-ಬೆಕ್ಕಿಗೆ ಸಿಗದ ಕಡೆ ಬಿಸಿಲಲ್ಲಿ ಒಣಗಿಸಿ, ಹೆಸರು ಬರೆದ ಡಬ್ಬಿಯಲ್ಲಿ ತುಂಬಿಡುತ್ತೇನೆ. ಡಬ್ಬಿ ತುಂಬಿದಾಗ ಮೊದಲೇ ಕೇಳಿಕೊಂಡು, ಪರಿಚಯದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನವರ ರಾಸಾಯನಿಕ ಕಸದ ಜೊತೆ ಕೊಡುತ್ತೇನೆ.