ಕಾವೇರಿ ಪ್ಯಾಶನ್ ಫ್ರೂಟ್ ಸಸಿ: ಕೊಳ್ಳುವುದಾದರೆ ಕಡ್ಡಿ ಗಿಡವನ್ನೇ ಕೊಳ್ಳಿ

ಮನೆಯಂಗಳಕ್ಕೆ ಹಣ್ಣಿನ ಬಳ್ಳಿ ಬೇಕೆನ್ನುವವರಿಗೆ ಕಾವೇರಿ ತಳಿಯನ್ನು ಧೈರ್ಯವಾಗಿ ಹೇಳಬಹುದು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ನೇರಳೆ ಮತ್ತು ಹಳದಿ ಜಾತಿಗಳನ್ನು ಕೂಡಿಸಿ ಪಡೆದ ತಳಿ ಇದು. ಹಣ್ಣು ನೇರಳೆ ಬಣ್ಣದ್ದು, ಒಂದೊಂದೂ ಸುಮಾರು 85–110 ಗ್ರಾಂ ತೂಗುತ್ತದೆ. ಪರಿಮಳಕ್ಕೆ ಎರಡು ಮಾತಿಲ್ಲ. ಹುಳಿ ಮಾತ್ರ ಇದ್ದೇ ಇರುತ್ತದೆ. ಶರಬತ್ತಿಗೆ ಅದೇ ಚೆನ್ನ.

ಜನ ಎಡವುವುದು ನರ್ಸರಿಯಲ್ಲೇ. ಮಿಶ್ರತಳಿಯಾದ್ದರಿಂದ ಬೀಜದ ಸಸಿ ತಾಯಿ ಬಳ್ಳಿಯಂತೆ ಬರುವ ಭರವಸೆಯಿಲ್ಲ. ಪ್ಯಾಕೆಟ್ಟಿನಲ್ಲಿ ಗಿಡದ ಬುಡ ನೋಡಿ: ಬಳ್ಳಿಯ ತುಂಡು ನೆಟ್ಟು ಬೆಳೆಸಿದ ಕಡ್ಡಿ ಗಿಡವಾದರೆ ಪೆನ್ಸಿಲ್ ದಪ್ಪದ ಬಲಿತ ತುಂಡು, ಅದರ ಗೆಣ್ಣಿನಿಂದ ಓರೆಯಾಗಿ ಹೊರಟ ಚಿಗುರು ಕಾಣುತ್ತದೆ. ಬೀಜದ ಸಸಿ ಮಣ್ಣಿನಿಂದ ನೆಟ್ಟಗೆ ಎದ್ದಿರುತ್ತದೆ. ಎಳೆಯದರಲ್ಲಿ ಎಲೆ ಮೂರು ಸೀಳಾಗದೆ ಇಡಿಯಾಗಿಯೇ ಇರುತ್ತದೆ. ಬೇರು ಪ್ಯಾಕೆಟ್ಟಿನ ತಳದಲ್ಲಿ ಸುತ್ತು ಹಾಕಿದ್ದರೆ ಅಂಥದ್ದು ಬೇಡ.

ಒಂದೂವರೆ ಅಡಿ ಗುಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಬುಡ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿರುವಂತೆ ನೆಡಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಕೊಳೆ ಖಂಡಿತ. ಆರಡಿ ಎತ್ತರದ ತಂತಿ ಮುಟ್ಟುವವರೆಗೆ ಪಕ್ಕದ ಚಿಗುರುಗಳನ್ನು ಚಿವುಟುತ್ತಾ ಒಂದೇ ಕಾಂಡ ಬಿಡಿ. ಆಮೇಲೆ ತುದಿ ಚಿವುಟಿ, ಎಡಬಲಕ್ಕೆ ಒಂದೊಂದು ಕವಲು ಹರಿಸಿ. ಒಂಬತ್ತು ತಿಂಗಳ ಹೊತ್ತಿಗೆ ಮೊದಲ ಫಸಲು ನಿರೀಕ್ಷಿಸಬಹುದು.

ಹೂವಿದ್ದೂ ಕಾಯಿಲ್ಲ ಎಂಬ ದೂರಿಗೆ ಉತ್ತರ ಹೂವಿನಲ್ಲೇ ಇದೆ. ಅರಳಿದ ಸ್ವಲ್ಪ ಹೊತ್ತಿಗೆ ನಡುವಿನ ಮೂರು ಶಲಾಕೆಗಳು (ಪರಾಗ ಹಿಡಿಯುವ ಹೆಣ್ಣು ಭಾಗದ ಕಡ್ಡಿಗಳು) ಕೆಳಗೆ ಬಾಗಿ, ಐದು ಪರಾಗಕೋಶಗಳ ಮಟ್ಟಕ್ಕೆ ಬರುತ್ತವೆ. ದೊಡ್ಡ ಕಪ್ಪು ದುಂಬಿಯ ಬೆನ್ನು ಎರಡಕ್ಕೂ ತಾಗುವುದು ಆಗಲೇ. ದುಂಬಿ ಬರದ ಮಹಡಿಯಲ್ಲಿ ಮೆತ್ತನೆಯ ಕುಂಚದಿಂದ ಪರಾಗ ಮುಟ್ಟಿಸಿ. ಶಲಾಕೆ ಬಾಗದೆ ನೆಟ್ಟಗೇ ನಿಂತ ಹೂವಿಗೆ ಶ್ರಮ ಹಾಕಬೇಡಿ, ಅದು ಕಾಯಿ ಕಚ್ಚುವುದಿಲ್ಲ. ಮಳೆಗೆ ಪರಾಗ ನೆನೆದರೂ ಅಷ್ಟೇ. ಹೂವೇ ಬರದೆ ಎಲೆ ಮಾತ್ರ ಸೊಂಪಾಗಿದ್ದರೆ ಯೂರಿಯಾ ನಿಲ್ಲಿಸಿ, ಬಿಸಿಲು ಸಾಲುತ್ತಿದೆಯೇ ನೋಡಿ. ಹೂ ಬಿಡುವುದು ಹೊಸ ಚಿಗುರಿನಲ್ಲೇ, ಆದ್ದರಿಂದ ಕೊಯ್ಲಾದ ಮೇಲೆ ಇಳಿಬಿದ್ದ ಕವಲುಗಳಲ್ಲಿ ನಾಲ್ಕೈದು ಗೆಣ್ಣು ಉಳಿಸಿ ಸವರಲೇಬೇಕು. ಇದನ್ನು ಬಿಟ್ಟವರ ಚಪ್ಪರದಲ್ಲಿ ಎರಡನೇ ವರ್ಷ ಒಣ ಬಳ್ಳಿಯ ಗೋಜಲೇ ಹೆಚ್ಚು.

ಹಣ್ಣು ಕೀಳುವ ಅವಸರ ಬೇಡ. ಪೂರ್ತಿ ಮಾಗಿದರೆ ತಾನೇ ಉದುರುತ್ತದೆ. ಸಿಪ್ಪೆ ತುಸು ಸುಕ್ಕಾಗುವವರೆಗೆ ಬುಟ್ಟಿಯಲ್ಲಿಡಿ, ಹುಳಿ ಇಳಿದು ಸಿಹಿ ಮೇಲಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಫಸಲು ಇಳಿಯತೊಡಗುತ್ತದೆ. ಅಷ್ಟರೊಳಗೆ ಅದೇ ಬಳ್ಳಿಯಿಂದ ಮೂರು ಗೆಣ್ಣಿನ ಕಡ್ಡಿ ಕತ್ತರಿಸಿ ಹೊಸ ಗಿಡ ಎಬ್ಬಿಸಿಕೊಳ್ಳಿ.