ಗೋಳಿಬಜೆಗೆ 5ಕ್ಕೆ 4, ಟಿವಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಈ ಹೋಟೆಲಿಗೆ ಬೋರ್ಡ್ ಇಲ್ಲ. ಮೊದಲು ಇತ್ತು, ಹೈವೇ ಅಗಲ ಮಾಡುವಾಗ ಹೋಯಿತು. ಕಟ್ಟಡದ ಮುಂದಿನ ಅರ್ಧವೂ ಅದರ ಜೊತೆಗೇ ಹೋಯಿತು, ಉಳಿದ ಅರ್ಧದಲ್ಲಿ ಈಗ ವ್ಯಾಪಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಉಪ್ಪಳ ದಾಟಿ ಕುಂಬಳೆ ಕಡೆಗೆ ಬರುವವರು ಸರ್ವಿಸ್ ರಸ್ತೆಯಲ್ಲೇ ಬನ್ನಿ. ಮೇಲಿನ ದೊಡ್ಡ ರಸ್ತೆ ಹತ್ತಿದಿರೋ ಮುಗಿಯಿತು, ಹೋಟೆಲು ಕಣ್ಣಿಗೆ ಕಾಣುತ್ತದೆ, ಇಳಿಯಲಿಕ್ಕೆ ದಾರಿ ಸಿಗುವುದಿಲ್ಲ, ಎಲ್ಲೋ ಹೋಗಿ ತಿರುಗಿಸಿಕೊಂಡು ಬರಬೇಕು. ಸಂಜೆ ನಾಲ್ಕೂವರೆಗೆ ಬಂದರೆ ಎಣ್ಣೆಯ ವಾಸನೆಯೇ ಬೋರ್ಡು.

ಗೋಳಿಬಜೆ ವಿಷಯಕ್ಕೆ ಬರುತ್ತೇನೆ. ಹಿಟ್ಟನ್ನು ಬೆಳಗ್ಗೆಯೇ ಹುಳಿ ಮೊಸರಿನಲ್ಲಿ ಕಲಸಿ ಇಡುತ್ತಾರೆ, ಹಾಗಾಗಿ ಸೋಡಾ ಜಾಸ್ತಿ ಸುರಿಯುವ ಕೆಲಸ ಇಲ್ಲ. ಹೊರಗೆ ಗರಿ, ಒಳಗೆ ಸಣ್ಣ ಸಣ್ಣ ತೂತು. ಶುಂಠಿ, ಹಸಿಮೆಣಸು, ಕಾಯಿಚೂರು ಎಲ್ಲ ಹಲ್ಲಿಗೆ ಸಿಗುತ್ತದೆ. ಪ್ಲೇಟಿಗೆ ಆರು, 30 ರೂಪಾಯಿ. ಚಟ್ನಿ ಮಾತ್ರ ಐದೂವರೆ ಆದ ಮೇಲೆ ನೀರಾಗುತ್ತಾ ಹೋಗುತ್ತದೆ, ಆರು ಗಂಟೆಗೆ ಬಂದವರು ಅದನ್ನು ಕುಡಿಯಬಹುದು. ಒಂದು ಅಂಕ ಕಳೆದದ್ದು ಅದಕ್ಕೇ. ಬೆಳಗ್ಗೆ ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ) ಇರುತ್ತದೆ, ಪರವಾಗಿಲ್ಲ. ಬನ್ಸ್ ಬೇಡ, ಮನೆಯಲ್ಲೇ ಮಾಡಿಕೊಳ್ಳಿ. ಚಹಾ 12 ರೂಪಾಯಿ, ಹಾಲಿಲ್ಲದ ಸುಲೈಮಾನಿ 10.

ಇಷ್ಟಕ್ಕೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಸ್ಲೇಟು ನೇತುಹಾಕಿದ್ದಾರೆ. ನಾವು ಒಂದನೇ ಕ್ಲಾಸಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದೆವಲ್ಲ, ಮರದ ಕಟ್ಟಿನದ್ದು, ಅದೇ. ಎಡಗಡೆ ತಿಂಡಿಯ ರೇಟು. ಬಲಗಡೆ ದುಬೈ, ಶಾರ್ಜಾ ಕಡೆಯ ಒಂದು ದಿರ್ಹಮಿನ ರೇಟು, ಅಂದರೆ ಅದಕ್ಕೆ ಯಾವ ದೇಶದ ಹಣ ಎಷ್ಟು ಸಿಗುತ್ತದೆ ಅಂತ, ಮೂರು ಸಾಲಿನಲ್ಲಿ. ನಾನು ಕಳೆದ ಸಲ ಹೋದಾಗ ಭಾರತ 24, ಬಾಂಗ್ಲಾ 33, ಪಾಕಿಸ್ತಾನ 76 ಅಂತ ಇತ್ತು. ಪೈಸೆ ಲೆಕ್ಕ ಬರೆಯುವುದಿಲ್ಲ. ಭಾರತದ ರೇಟು ಬರೆಯುವುದು ಸರಿ, ಇಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಆದರೆ ಉಪ್ಪಳದಲ್ಲಿ ಕೂತು ಪಾಕಿಸ್ತಾನದ ರೇಟು ಯಾರಿಗೆ ಬೇಕು? ತುಂಬ ದಿನ ನನಗೆ ಇದೇ ತಲೆಬಿಸಿ.

ಹೋಟೆಲು ನಡೆಸುವವರನ್ನು ನಾವು ಇಚ್ಚ, ಅಂದರೆ ಅಣ್ಣ, ಅನ್ನುತ್ತೇವೆ. ಅವರು ಶಾರ್ಜಾದಲ್ಲಿ ಇಪ್ಪತ್ತು ವರ್ಷ ಕೆಫೆಟೇರಿಯಾದಲ್ಲಿದ್ದವರು. 2015ರಲ್ಲಿ ಬಿಟ್ಟು ಬಂದರು. ರೂಮಿನಲ್ಲಿ ಇವರ ಜೊತೆಗೆ ಪಾಕಿಸ್ತಾನದ ಸ್ವಾತ್ ಕಡೆಯ ಒಬ್ಬ ಪಠಾಣ ಡ್ರೈವರ್, ಬಾಂಗ್ಲಾದ ಚಿತ್ತಗಾಂಗಿನ ಒಬ್ಬ ಬಂಗಾಳಿ, ಒಬ್ಬ ನೇಪಾಳಿ. ನಾಲ್ಕು ಪಾಸ್‌ಪೋರ್ಟ್, ಒಂದು ಗ್ಯಾಸ್ ಒಲೆ. ಅಡುಗೆ ಸರದಿ, ಖರ್ಚು ಸಮಪಾಲು.

ಇನ್ನು ಟಿವಿ. ಸಂಜೆ ಆದರೆ ಸಾಕು, ಅದರಲ್ಲಿ ಯಾರೋ ಯಾರನ್ನೋ ಮುಗಿಸುತ್ತಿರುತ್ತಾರೆ. ಅದನ್ನು ನೋಡುತ್ತಾ ಬೆಂಚಿನಲ್ಲಿ ಕೂತವರದ್ದೂ ಶುರುವಾಗುತ್ತದೆ. ಆವತ್ತು ಒಬ್ಬ ರಿಕ್ಷಾದ ಅಣ್ಣ ಸ್ಲೇಟು ತೋರಿಸಿ, "ನೋಡಿ, 76 ರೂಪಾಯಿ ಕೊಟ್ಟರೆ ಒಂದು ದಿರ್ಹಮ್, ಅಷ್ಟು ಪಾಪರ್ ಆಗಿದ್ದಾರೆ ಅವರು. ನಾವು ಅವರ ಮೂರು ಪಾಲು" ಅಂದ. ಕಾಲೇಜು ಹುಡುಗನೊಬ್ಬ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮದು ಜಗತ್ತಿನ ದೊಡ್ಡ ಐದು ಆರ್ಥಿಕತೆಗಳಲ್ಲಿ ಒಂದು, ಅವರನ್ನು ನಮ್ಮ ಜೊತೆ ಹೋಲಿಸುವುದೇ ತಪ್ಪು ಅಂದ.

ಇಚ್ಚ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಬಾಣಲೆಯಲ್ಲಿ ಎಷ್ಟು ಬಜೆ ಉಂಟು ಅಂತ ಹೇಳುವುದು ಒಂದು ಲೆಕ್ಕ. ನಿನ್ನ ಪ್ಲೇಟಿಗೆ ಎಷ್ಟು ಬಿತ್ತು ಅನ್ನುವುದು ಬೇರೆ ಲೆಕ್ಕ, ಅಲ್ವಾ? ನಾವು ನೂರನಲವತ್ತು ಕೋಟಿ ಪ್ಲೇಟು ಹಿಡಿದು ನಿಂತಿದ್ದೇವೆ ಮಾರಾಯ" ಅಂದರು. ಆಮೇಲೆ ಸ್ಲೇಟಿನ ಕಡೆ ಜಾಲರಿ ಸೌಟು ತೋರಿಸಿ, "ಆ ರೇಟು ನೋಡಿ ಬಡವ ಶ್ರೀಮಂತ ಹೇಳಲಿಕ್ಕೆ ಆಗುವುದಿಲ್ಲ. ನಮ್ಮ ಒಂದು ರೂಪಾಯಿ ಕೊಟ್ಟರೆ ಜಪಾನಿನ ಒಂದು ಯೆನ್ನಿಗಿಂತ ಜಾಸ್ತಿ ಸಿಗುತ್ತದೆ. ಹಾಗಾದರೆ ಜಪಾನಿನವರು ನಮಗಿಂತ ಬಡವರಾ?"

ಇದನ್ನೇ ಪುಸ್ತಕದಲ್ಲಿ ಕೊಳ್ಳುವ ಶಕ್ತಿ ಅಂತ ಬರೆದು ಹತ್ತು ಪುಟ ಕೊರೆಯುತ್ತಾರೆ. ಇಚ್ಚ ಅರ್ಧ ನಿಮಿಷದಲ್ಲಿ ಮುಗಿಸಿದರು. ಇವರು ಇದ್ದಾಗ ಶಾರ್ಜಾದಲ್ಲಿ ಕಡಕ್ ಚಾಯ ಒಂದು ದಿರ್ಹಮ್. ಆ ದಿರ್ಹಮನ್ನು ಇಲ್ಲಿಗೆ ತಂದರೆ 24 ರೂಪಾಯಿ, ಅದರಲ್ಲಿ ಇವರದೇ ಹೋಟೆಲಿನಲ್ಲಿ ಎರಡು ಚಹಾ ಬರುತ್ತದೆ. ದಿರ್ಹಮ್ ಅದೇ, ಕುಡಿಯುವ ಜಾಗ ಬೇರೆ. ಹಾಗಾಗಿ ಎರಡು ದೇಶದ ಬಡತನ ಅಳೆಯಬೇಕಾದರೆ ಇಷ್ಟು ಹಣಕ್ಕೆ ಅಲ್ಲಿ ಎಷ್ಟು ಅಕ್ಕಿ, ಎಷ್ಟು ಗೋಧಿ ಬರುತ್ತದೆ ಅಂತ ನೋಡಬೇಕು. ರೇಟು ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಬೇಗ ಜಾರಿತು ಅನ್ನುವುದೇ ಹೆಚ್ಚು ಹೇಳುತ್ತದೆ. ಇಚ್ಚ ಬಿಟ್ಟು ಬರುವಾಗ ದಿರ್ಹಮಿಗೆ ನಮ್ಮದು 17 ಚಿಲ್ಲರೆ, ಪಾಕಿಸ್ತಾನದ್ದು 28ರ ಹತ್ತಿರ. ನಮ್ಮದು 24ಕ್ಕೆ ಬಂದಿದೆ, ಅವರದ್ದು 76ಕ್ಕೆ. 2023ರ ಮೇಯಲ್ಲಿ ಅಲ್ಲಿ ಬೆಲೆ ಏರಿಕೆ 38 ಪರ್ಸೆಂಟ್ ಹತ್ತಿರ ಹೋಗಿತ್ತು. ಗೋಧಿಹಿಟ್ಟಿಗೆ ಕ್ಯೂ ನಿಂತದ್ದನ್ನು ಟಿವಿಯವರು ನಮಗೆ ತಿಂಗಳುಗಟ್ಟಲೆ ತೋರಿಸಿದರು. ತೋರಿಸಿದ್ದು ಸುಳ್ಳಲ್ಲ. ಅದನ್ನು ನೋಡಿ ನಮ್ಮ ಹೊಟ್ಟೆ ಯಾಕೆ ತುಂಬಿತು ಅನ್ನುವುದು ನನ್ನ ಪ್ರಶ್ನೆ.

ನಾನೂ ಸುಮ್ನೆ ಕೂರಲಿಲ್ಲ, ಮಾಷ್ಟ್ರ ಬುದ್ಧಿ ಹೋಗಬೇಕಲ್ಲ. ಮೊಬೈಲ್ ತೆಗೆದು ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯ ಪಟ್ಟಿ ಓದಿದೆ. ಆಯುಷ್ಯ, ಓದು, ಆದಾಯ ಮೂರನ್ನೂ ಸೇರಿಸಿ ಹಾಕುವ ರ‍್ಯಾಂಕ್ ಅದು. ಪಾಕಿಸ್ತಾನ 168. ಬೆಂಚಿನಿಂದ ಚಪ್ಪಾಳೆ. ಭಾರತ 130. ಇನ್ನೂ ಜೋರು ಚಪ್ಪಾಳೆ. ಬಾಂಗ್ಲಾದೇಶ? ಅದೂ 130. ಬೆಂಚು ತಣ್ಣಗಾಯಿತು. ಶ್ರೀಲಂಕಾ 89 ಅಂದಾಗ ರಿಕ್ಷಾದ ಅಣ್ಣ ಎದ್ದು ಕೈ ತೊಳೆಯಲಿಕ್ಕೆ ಹೋದ. 2022ರಲ್ಲಿ ಸಾಲ ಕಟ್ಟಲಾಗದೆ ಕೈ ಎತ್ತಿದ ದೇಶ ಅದು, ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತಿತ್ತು. ಆದರೂ ಅಲ್ಲಿಯ ಜನ ನಮಗಿಂತ ಸರಾಸರಿ ಐದು ವರ್ಷ ಜಾಸ್ತಿ ಬದುಕುತ್ತಾರೆ.

ಹೋಲಿಸಬೇಕಾದರೆ ನಾವು ಯಾವಾಗಲೂ ಪಾಕಿಸ್ತಾನವನ್ನೇ ಹುಡುಕಿಕೊಂಡು ಹೋಗುತ್ತೇವೆ. ಕ್ಲಾಸಿನಲ್ಲಿ 35 ತೆಗೆದ ಹುಡುಗ ಮನೆಗೆ ಹೋಗಿ "ಅವನಿಗೆ 28 ಅಮ್ಮಾ" ಅನ್ನುತ್ತಾನಲ್ಲ, ಹಾಗೆ. 70 ತೆಗೆದವನ ಹೆಸರೇ ಎತ್ತುವುದಿಲ್ಲ. ಹಾಗಂತ ಆ 28 ತೆಗೆದವನು ಮೊದಲಿಂದಲೂ ಹಿಂದೆ ಇದ್ದವನೂ ಅಲ್ಲ. ತಲಾ ಆದಾಯದಲ್ಲಿ ದಶಕಗಟ್ಟಲೆ ಅವರು ನಮಗಿಂತ ಮುಂದಿದ್ದರು, ನಾವು ಅವರನ್ನು ದಾಟಿದ್ದು 2000ದ ನಂತರ.

ಅಳತೆಗೋಲು ಬದಲಾದರೆ ರ‍್ಯಾಂಕೂ ಬದಲಾಗುತ್ತದೆ, ಅದನ್ನೂ ಹೇಳಬೇಕು. ವಿಶ್ವಸಂಸ್ಥೆ ಮತ್ತು ಆಕ್ಸ್‌ಫರ್ಡ್‌ನವರು ಸೇರಿ ಮಾಡುವ ಬಹು ಆಯಾಮದ ಬಡತನದ ಲೆಕ್ಕ ಒಂದಿದೆ. ಅದರಲ್ಲಿ ಸಂಬಳ ಕೇಳುವುದೇ ಇಲ್ಲ. ಮಗುವಿಗೆ ಹೊಟ್ಟೆತುಂಬ ಊಟ ಇದೆಯಾ, ಶಾಲೆಗೆ ಹೋಗುತ್ತದಾ, ಕಕ್ಕಸು, ಕರೆಂಟು, ನೀರು ಇದೆಯಾ, ಯಾವುದರಲ್ಲಿ ಅಡುಗೆ, ಹೀಗೆ ಹತ್ತು ಪ್ರಶ್ನೆ. ಅದರ ಪ್ರಕಾರ ಪಾಕಿಸ್ತಾನದಲ್ಲಿ 38 ಪರ್ಸೆಂಟ್ ಬಡವರು, ಬಾಂಗ್ಲಾದಲ್ಲಿ 24 ಚಿಲ್ಲರೆ, ನಮ್ಮಲ್ಲಿ 16 ಚಿಲ್ಲರೆ. ಇಲ್ಲಿ ನಾವು ಬಾಂಗ್ಲಾಕ್ಕಿಂತ ಮುಂದೆ. 2024ರ ಹಸಿವಿನ ಸೂಚ್ಯಂಕದ ರ‍್ಯಾಂಕ್ ತೆಗೆದರೆ ಬಾಂಗ್ಲಾ 84, ನಾವು 105, ಪಾಕಿಸ್ತಾನ 109. ಆ ಲೆಕ್ಕವೇ ಸರಿಯಿಲ್ಲ ಅಂತ ನಮ್ಮ ಸರಕಾರ ಹೇಳುತ್ತಾ ಬಂದಿದೆ. ಸರ್ವೇ ನಡೆದ ವರ್ಷಗಳೂ ಒಂದೇ ಅಲ್ಲ. ಪಾಕಿಸ್ತಾನದ ಬಡತನದ ಆ 38 ಅಂಕಿ 2017-18ರದ್ದು, ಅಂದರೆ ಕೊರೋನಾಕ್ಕೂ 2022ರ ಪ್ರವಾಹಕ್ಕೂ ಮುಂಚಿನದ್ದು.

ಇನ್ನೊಂದು ವಿಷಯ ಹೇಳಿದಾಗ ಟಿವಿ ನೋಡುತ್ತಿದ್ದವರೂ ಈ ಕಡೆ ತಿರುಗಿದರು. ಈ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ಶುರು ಮಾಡಿದವರು ಮೆಹಬೂಬ್ ಉಲ್ ಹಕ್, ಪಾಕಿಸ್ತಾನದ ಹಣಕಾಸು ಮಂತ್ರಿ ಆಗಿದ್ದವರು. ಜೊತೆಗೆ ಕೂತು ಲೆಕ್ಕ ಹಾಕಿಕೊಟ್ಟವರು ನಮ್ಮ ಅಮರ್ತ್ಯ ಸೇನ್. ಇಬ್ಬರೂ ಕೇಂಬ್ರಿಡ್ಜ್‌ನಲ್ಲಿ ಓದುವಾಗಿನ ದೋಸ್ತಿಗಳು. ಯಾರು ಮುಂದೆ ಯಾರು ಹಿಂದೆ ಅಂತ ನಾವು ಕಚ್ಚಾಡುವ ಅಳತೆಕೋಲನ್ನು ಎರಡೂ ಕಡೆಯವರು ಸೇರಿ ಕೆತ್ತಿದ್ದು.

"ಅದೆಲ್ಲ ನನಗೆ ಗೊತ್ತಿಲ್ಲ ಮಾಷ್ಟ್ರೇ" ಅಂತ ಇಚ್ಚ ಒಳಗೆ ಹೋಗಿ ಒಂದು ಪುಸ್ತಕ ತಂದರು. ರೂಮಿನ ಮೆಸ್ ಪುಸ್ತಕ. ಉದ್ದದ ಲೆಡ್ಜರ್, ರಟ್ಟು ಹೋಗಿ ಬಿಸ್ಕತ್ತಿನ ಡಬ್ಬದ ಕಾಗದ ಅಂಟಿಸಿದೆ. ಪುಟಗಳ ಮೂಲೆಯಲ್ಲಿ ಅರಿಶಿನದ ಬೆರಳು ಗುರುತು. ನಾಲ್ಕು ಕಾಲಂ, ನಾಲ್ಕು ಹೆಸರು, ಈರುಳ್ಳಿ ಇಷ್ಟು, ಎಣ್ಣೆ ಇಷ್ಟು, ಗ್ಯಾಸು ಇಷ್ಟು. ಒಂದು ಕಡೆ "ಪಠಾಣ ಕುರಿಮಾಂಸ ತಂದ, ಲೆಕ್ಕಕ್ಕೆ ಇಲ್ಲ" ಅಂತ ಮಲಯಾಳದಲ್ಲಿ ಬರೆದಿದೆ. ನಾಲ್ವರಲ್ಲಿ ಹೆಚ್ಚು ಸಂಬಳ ಆ ಪಠಾಣನದ್ದೇ, ಹೆವಿ ಲೈಸೆನ್ಸ್ ಇತ್ತು. ಇಚ್ಚನದ್ದು ಅವನಿಗಿಂತ ಕಡಿಮೆ. ಬಂಗಾಳಿಯದ್ದು ಇನ್ನೂ ಕಡಿಮೆ.

"ಆದರೂ ನೋಡಿ" ಅಂದರು ಇಚ್ಚ. ಪಠಾಣನ ಮನೆಯಲ್ಲಿ ಹದಿನಾಲ್ಕು ಜನ, ದುಡಿಯುವವ ಇವನೊಬ್ಬನೇ. ತಂಗಿಯರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಬಂಗಾಳಿಯ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಎರಡು ಮಕ್ಕಳು ಸಾಕು ಅಂತ ಅವಳೇ ಹೇಳಿದ್ದಳಂತೆ, ಅವನ ಕಡಿಮೆ ಸಂಬಳದಲ್ಲೂ ತಗಡಿನ ಮನೆ ಹೋಗಿ ಇಟ್ಟಿಗೆ ಮನೆ ಆಯಿತು. ಇಚ್ಚನ ದೊಡ್ಡ ಮಗಳು ಇಲ್ಲಿನ ಸರಕಾರಿ ಶಾಲೆಯಲ್ಲಿ ಓದಿ ನರ್ಸ್ ಆದಳು, ಈಗ ಅಪ್ಪನಿಗೆ ಅವಳೇ ಹಣ ಕಳಿಸುತ್ತಾಳೆ. ಅಂದರೆ ಒಂದೇ ರೂಮಿನಿಂದ ಹೋದ ದಿರ್ಹಮ್ ಮೂರು ಊರಿನಲ್ಲಿ ಮೂರು ಥರ ಬೆಳೆಯಿತು. ಆಮೇಲೆ ಮನೆಗೆ ಬಂದು ನಾನು ಅಂಕಿ ನೋಡಿದೆ. ಬಾಂಗ್ಲಾದ ಗಾರ್ಮೆಂಟ್ಸ್‌ನಲ್ಲಿ ಸುಮಾರು 40 ಲಕ್ಷ ಜನ, ಹೆಚ್ಚಿನವರು ಹೆಂಗಸರು. ಪಾಕಿಸ್ತಾನದಲ್ಲಿ ಶಾಲೆ ಹೊರಗಿರುವ ಮಕ್ಕಳು ಎರಡು ಕೋಟಿಗಿಂತ ಜಾಸ್ತಿ. ಒಬ್ಬ ತಾಯಿಗೆ ಸರಾಸರಿ ಅಲ್ಲಿ ಮೂರೂವರೆ ಮಕ್ಕಳು, ನಮ್ಮಲ್ಲಿ ಎರಡು. ಮೆಸ್ ಪುಸ್ತಕದಲ್ಲಿ ಇದ್ದದ್ದೇ ವರದಿಯಲ್ಲೂ ಇದೆ.

ನಾವು ಕೇರಳದವರು ಇಲ್ಲಿ ಕೂತು ಮೀಸೆ ತಿರುವುವುದೂ ಬೇಡ. 2023ರ ನೀತಿ ಆಯೋಗದ ವರದಿಯಲ್ಲಿ ಕೇರಳದ ಬಡವರು 0.55 ಪರ್ಸೆಂಟ್, ಕರ್ನಾಟಕದ್ದು 7.58. 2025ರ ನವೆಂಬರ್ 1ಕ್ಕೆ ರಾಜ್ಯದಲ್ಲಿ ಕಡುಬಡತನವೇ ಮುಗಿಯಿತು ಅಂತ ಘೋಷಣೆಯೂ ಆಯಿತು, 64,006 ಮನೆಗಳನ್ನು ಹುಡುಕಿ ಒಂದೊಂದಕ್ಕೂ ಏನು ಬೇಕು ಅಂತ ನೋಡಿದ ಕೆಲಸ, ಅದಕ್ಕೆ ಮೆಚ್ಚುಗೆ ಇದ್ದೇ ಇದೆ. ಆದರೆ ಎದೆನೋವು ಬಂದರೆ ನಮ್ಮ ಆಂಬುಲೆನ್ಸ್ ಯಾವ ಕಡೆ ತಿರುಗುತ್ತದೆ? ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆ ಕಡೆಗೆ ಹೋಗಲಾಗದೆ ಜನ ಸತ್ತದ್ದು ಯಾವ ಸೂಚ್ಯಂಕದಲ್ಲೂ ಇಲ್ಲ. ಪೆಟ್ರೋಲಿಗೂ ನಾವು ತಲಪಾಡಿ ದಾಟುವವರೇ.

ಆ ರಾತ್ರಿ ಅಂಗಡಿ ಖಾಲಿ ಆದ ಮೇಲೆ ಕೇಳಿಯೇ ಬಿಟ್ಟೆ, ಪಾಕಿಸ್ತಾನದ ರೇಟು ಯಾಕೆ ಇಚ್ಚ ಅಂತ. ಅವರು ಪುಸ್ತಕದ ಕೊನೆಯ ಪುಟ ತೆಗೆದರು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಲೆಕ್ಕ ಪೂರ್ತಿ ಮುಗಿದಿರಲಿಲ್ಲ. ಪಠಾಣನಿಗೆ ಇವರು ಕೊಡಬೇಕಾದ್ದು 14 ದಿರ್ಹಮ್, ಅದರ ಸುತ್ತ ಪೆನ್ನಿನಲ್ಲಿ ಒಂದು ಸುತ್ತು. "2022ರಲ್ಲಿ ಅವನ ಊರಲ್ಲಿ ನೆರೆ ಬಂತು, ಗೋಡೆ ಹೋಯಿತು ಅಂತ ವಾಯ್ಸ್ ಕಳಿಸಿದ್ದ. ಆವಾಗಿಂದ ಬರೆಯುತ್ತೇನೆ. ಇಲ್ಲಿಂದ ಅಲ್ಲಿಗೆ ಕಳಿಸುವುದು ಸುಲಭವಾ? ಈಗ ಅವನ ಲೆಕ್ಕದಲ್ಲಿ ಸಾವಿರದ ಮೇಲೆ ಆಯಿತು" ಅಂದರು. ಸ್ಲೇಟು ಒರೆಸಿ ಒಳಗಿಟ್ಟರು.

ಇನ್ನು ಹೋಗುವವರಿಗೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಮೂರರ ಮೇಲೆ ಹೋಗಿ. ಮೊಬೈಲಿನಲ್ಲಿ ದುಡ್ಡು ಕೊಡುವ ಸ್ಟಿಕ್ಕರ್ ಅಂಟಿಸಿದ್ದಾರೆ, ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಕೈ ತೊಳೆಯುವ ನಲ್ಲಿ ಪೂರ್ತಿ ತಿರುಗಿಸಬೇಡಿ, ಅಂಗಿ ಒದ್ದೆ ಆಗುತ್ತದೆ. ಟಿವಿಯ ರಿಮೋಟು ಚಹಾಪುಡಿ ಡಬ್ಬದ ಹಿಂದೆ ಇರುತ್ತದೆ, ನಾನು ಹೇಳಿದೆ ಅಂತ ಹೇಳಬೇಡಿ.